ಖಾಲಿ ಚೌಕ, ಉದ್ದ ನೆರಳು: ದೆ ಕಿರಿಕೊ ಬಿಡಿಸಿದ ಊರುಗಳು ಯಾಕೆ ಇಷ್ಟು ಕಾಡುತ್ತವೆ?

ಕುಂಚಕಾಗದ

ಗೆಳೆಯರೇ, ನಮಸ್ಕಾರ. ಸರ್ರಿಯಲಿಸಂ, ಅಂದರೆ ವಾಸ್ತವವನ್ನು ಮೀರಿದ ವಿಚಿತ್ರ ಲೋಕ ಬಿಡಿಸುವ ಕಲಾಪಂಥ, ಅಂದ ಕೂಡಲೇ ಎಲ್ಲರೂ ಕನಸಿನ ಮಾತು ತೆಗೆಯುತ್ತಾರೆ. ಕರಗುವ ಗಡಿಯಾರ, ಗಾಳಿಯಲ್ಲಿ ತೇಲುವ ಮನುಷ್ಯ, ಹೀಗೆ. ನನ್ನನ್ನು ಎಲ್ಲರಿಗಿಂತ ಜಾಸ್ತಿ ಕಾಡಿದವನು ಮಾತ್ರ ಬರೀ ಊರನ್ನೇ ಬಿಡಿಸುತ್ತಾ ಕೂತವನು, ಇಟಲಿಯ ಚಿತ್ರಗಾರ ಜಾರ್ಜಿಯೊ ದೆ ಕಿರಿಕೊ. 1910ರಿಂದ 1918ರವರೆಗಿನ ಆತನ ಚಿತ್ರಗಳಲ್ಲಿ ಭೂತ ಇಲ್ಲ, ರಕ್ತ ಇಲ್ಲ. ಒಂದು ಚೌಕ, ಕಮಾನುಗಳ ಸಾಲು, ನಡುವೆ ಪ್ರತಿಮೆ, ಹಿಂದೆ ಗೋಡೆ, ಗೋಡೆಯಾಚೆ ಹೊಗೆ ಬಿಡುವ ರೈಲು. ಆದರೂ ಸ್ವಲ್ಪ ಹೊತ್ತು ನೋಡಿದರೆ ಎದೆ ಝಲ್ ಎನ್ನುತ್ತದೆ.

1914ರ 'ಬೀದಿಯೊಂದರ ನಿಗೂಢತೆ ಮತ್ತು ವಿಷಾದ' ನೋಡಿ. ಎಡಕ್ಕೆ ಬಿಸಿಲಲ್ಲಿ ಬೆಳ್ಳಗೆ ಹೊಳೆಯುವ ಉದ್ದನೆಯ ಕಟ್ಟಡ. ಬಲಕ್ಕೆ ನೆರಳಲ್ಲಿ ಮುಳುಗಿದ ಕಟ್ಟಡ, ಅದರ ಮುಂದೆ ಬಾಗಿಲು ತೆರೆದಿಟ್ಟ ಖಾಲಿ ಬಂಡಿ. ಒಬ್ಬಳು ಹುಡುಗಿ ಬಳೆಚಕ್ರ ಹೊಡೆಯುತ್ತಾ ಓಡುತ್ತಿದ್ದಾಳೆ. ಅವಳೂ ನೆರಳಿನ ಹಾಗೇ ಕಪ್ಪು. ಆಚೆ ತಿರುವಿನಿಂದ ಯಾರದೋ ಉದ್ದ ನೆರಳು ಬೀದಿಗೆ ಚಾಚಿದೆ. ಆ ನೆರಳಿನ ಒಡೆಯ ನಮಗೆ ಕಾಣುವುದಿಲ್ಲ. ಮನುಷ್ಯನೋ ಪ್ರತಿಮೆಯೋ ಗೊತ್ತಾಗುವುದಿಲ್ಲ. ಹುಡುಗಿ ಅದರ ಕಡೆಗೇ ಓಡುತ್ತಿದ್ದಾಳೆ.

ನನ್ನ ವಾದ ಇಷ್ಟು. ಕಿರಿಕೊನ ಚಿತ್ರದ ವಿಚಿತ್ರವೆಲ್ಲ ಹಗಲು ಹೊತ್ತಿನದು. ಕಣ್ಣು ಬಿಟ್ಟು ನೋಡಿದ ಊರನ್ನೇ ತಂದು, ಲೆಕ್ಕ ಹಾಕಿ ಒಂದೊಂದು ಕಡೆ ಹದ ತಪ್ಪಿಸಿದ್ದಾನೆ. ಕನಸು ಕಂಡು ಬರೆದ ಎಂದು ಹೇಳಿ ಮುಗಿಸಿದರೆ ಆ ಕಸುಬಿಗೆ ಮೋಸ ಮಾಡಿದ ಹಾಗೆ. ನೀವೆಲ್ಲ ಏನಂತೀರಿ?

ಹಳೇಕ್ಯಾನ್ವಾಸ್

ಒಳ್ಳೇ ಚರ್ಚೆ ಶುರು ಮಾಡಿದ್ದೀರಿ ಮೇಡಂ. ನಿಮ್ಮ ವಾದಕ್ಕೆ ಕಿರಿಕೊನೇ ಸಾಕ್ಷಿ ಹೇಳಿದ್ದಾನೆ.

1910ರ ಶರತ್ಕಾಲದಲ್ಲಿ ಆತ ಫ್ಲಾರೆನ್ಸಿನಲ್ಲಿದ್ದ. ಬಹಳ ದಿನ ಕರುಳಿನ ಕಾಯಿಲೆಯಿಂದ ನರಳಿ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಸಾಂತಾ ಕ್ರೋಚೆ ಚೌಕದ ಬೆಂಚಿನ ಮೇಲೆ ಕೂತಿದ್ದಾನೆ. ಎದುರಿಗೆ ಇಟಲಿಯ ಕವಿ ಡಾಂಟೆಯ ಪ್ರತಿಮೆ, ಅದರ ಹಿಂದೆ ಚರ್ಚು. ಅವನಿಗೆ ಹೊಸ ಜಾಗವೇನೂ ಅಲ್ಲ. ಆದರೆ ಆ ಗಳಿಗೆಯಲ್ಲಿ ಎಲ್ಲವನ್ನೂ ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತಂತೆ. ಕಟ್ಟಡದ ಅಮೃತಶಿಲೆ, ಕಾರಂಜಿ ಎಲ್ಲವೂ ತನ್ನ ಹಾಗೇ ಜ್ವರ ಬಿಟ್ಟು ಎದ್ದಿವೆ ಅನ್ನಿಸಿತು ಎಂದು ಆಮೇಲೆ ಬರೆದುಕೊಂಡಿದ್ದಾನೆ. ಅದರಿಂದ ಹುಟ್ಟಿದ್ದು 'ಶರತ್ಕಾಲದ ಮಧ್ಯಾಹ್ನವೊಂದರ ಒಗಟು'.

ಚಿತ್ರವನ್ನೂ ಚೌಕದ ಹಳೆಯ ಫೋಟೋವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಗ ಪ್ರತಿಮೆ ಚೌಕದ ನಡುವೆಯೇ ಇತ್ತು, ಈಗ ಚರ್ಚಿನ ಪಕ್ಕಕ್ಕೆ ಸರಿಸಿದ್ದಾರೆ. ಚರ್ಚಿನ ಮುಖ ಚಿತ್ರದಲ್ಲಿ ಗ್ರೀಕ್ ಗುಡಿಯಂತಾಗಿದೆ. ಬಾಗಿಲಿಗೆ ಪರದೆ ಬಂದಿದೆ. ಡಾಂಟೆ ನಮಗೆ ಬೆನ್ನು ತಿರುಗಿಸಿ ನಿಂತಿದ್ದಾನೆ, ತಲೆಯೇ ಇಲ್ಲವೇನೋ ಎನ್ನುವ ಹಾಗೆ ಬಾಗಿದ್ದಾನೆ. ಗೋಡೆಯಾಚೆ ಒಂದು ಹಡಗಿನ ಹಾಯಿ! ಫ್ಲಾರೆನ್ಸಿಗೆ ಸಮುದ್ರವೇ ಇಲ್ಲ, ಅಲ್ವಾ?

ನ್ಯಾರೋಗೇಜ್

ಆ ಹಾಯಿ ಎಲ್ಲಿಂದ ಬಂತು ಅಂತ ನಾನು ಹೇಳುತ್ತೇನೆ ಸರ್. ಕಿರಿಕೊ ಹುಟ್ಟಿದ್ದು ಇಟಲಿಯಲ್ಲಲ್ಲ. 1888ರ ಜುಲೈ 10ರಂದು ಗ್ರೀಸಿನ ವೋಲೊಸ್ ಎಂಬ ಬಂದರು ಊರಿನಲ್ಲಿ ಹುಟ್ಟಿದ. ಗ್ರೀಕ್ ಪುರಾಣದ ಜೇಸನ್ ಚಿನ್ನದ ತುಪ್ಪಳ ತರಲು ಹಡಗು ಹತ್ತಿದ್ದು ಆ ತೀರದಿಂದಲೇ ಅನ್ನುತ್ತಾರೆ. ಅಪ್ಪ ಎವರಿಸ್ಟೊ ರೈಲ್ವೆ ಎಂಜಿನಿಯರ್. ಥೆಸ್ಸಲಿ ಪ್ರಾಂತ್ಯದ ರೈಲುಮಾರ್ಗಗಳು ಅವರ ಉಸ್ತುವಾರಿಯಲ್ಲಿ ಆದವು.

ರೈಲು ಇಷ್ಟಪಡುವವರಿಗೆ ಇದರಲ್ಲಿ ಒಂದು ರತ್ನ ಇದೆ, ಅದೇ ಪೆಲಿಯೊನ್ ಬೆಟ್ಟದ ರೈಲು. ಹಳಿಗಳ ನಡುವೆ ಬರೀ 60 ಸೆಂಟಿಮೀಟರ್ ಅಂತರ. ವೋಲೊಸಿನಿಂದ ಹೊರಟು, ಊರಿನ ಬೀದಿಯಲ್ಲೇ ಹಾದು, ಮಿಲಿಯೆಸ್ ಎಂಬ ಬೆಟ್ಟದ ಹಳ್ಳಿಗೆ ಹೋಗುತ್ತಿತ್ತು. 1903ರ ಹೊತ್ತಿಗೆ ಪೂರ್ತಿಯಾಯಿತು. ಈಗಲೂ ಬೆಟ್ಟದ ಭಾಗದಲ್ಲಿ ಪ್ರವಾಸಿಗರಿಗಾಗಿ ಓಡುತ್ತದೆ. ಮಿಲಿಯೆಸ್ ಹತ್ತಿರ ಎವರಿಸ್ಟೊ ಕಟ್ಟಿಸಿದ ಕಬ್ಬಿಣದ ಸೇತುವೆ ಇದೆ. ಅದರ ವಿಶೇಷ ಏನೆಂದರೆ ಸೇತುವೆ ನೆಟ್ಟಗಿದೆ, ಅದರ ಮೇಲಿನ ಹಳಿ ಬಾಗಿದೆ. ಅಪ್ಪನ ಸೇತುವೆಯ ಫೋಟೋ ನೋಡಿದ ಮೇಲೆ ಮಗನ ಚಿತ್ರ ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಒಂದು ಕಡೆ ಬಂದರು, ಇನ್ನೊಂದು ಕಡೆ ಉಗಿಬಂಡಿ. ಬೀದಿಯ ಕೊನೆಯಲ್ಲಿ ಹಾಯಿ, ಮನೆ ಮುಂದೆ ರೈಲು. ಇಂಥ ಊರಲ್ಲಿ ಬೆಳೆದ ಹುಡುಗ ಗೋಡೆಯಾಚೆ ಇವೆರಡನ್ನೂ ಬಿಡಿಸಿದ್ದರಲ್ಲಿ ಆಶ್ಚರ್ಯ ಏನಿದೆ? ಅಪ್ಪ 1905ರಲ್ಲಿ ತೀರಿಕೊಂಡರು. ಮಗನಿಗೆ ಆಗ 16 ವರ್ಷ. ಆ ಚಿತ್ರಗಳಲ್ಲಿ ರೈಲು ಯಾವಾಗಲೂ ದೂರದಲ್ಲೇ ಇರುತ್ತದೆ, ನಮ್ಮ ಹತ್ತಿರ ಯಾವತ್ತೂ ಬಂದು ನಿಲ್ಲುವುದಿಲ್ಲ.

ನೀಲಿಶಾಯಿ

ಎಲ್ಲರೂ ಊರು, ರೈಲು ಅನ್ನುತ್ತಿದ್ದೀರಿ. ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಕಿರಿಕೊನಿಗೆ ಚೌಕ ತೋರಿಸಿದ್ದು ಕಣ್ಣಿಗಿಂತ ಮೊದಲು ಪುಸ್ತಕ. ಅಪ್ಪ ಹೋದ ಮೇಲೆ ಆತ ಮ್ಯೂನಿಕ್‌ನ ಕಲಾಶಾಲೆ ಸೇರಿದ. ಅಲ್ಲಿ ತಲೆಗೆ ಹತ್ತಿದ್ದು ಇಬ್ಬರು ತತ್ವಜ್ಞಾನಿಗಳು, ಶೋಪೆನ್‌ಹಾವರ್ ಮತ್ತು ನೀಚೆ. ಜೊತೆಗೆ ಇಬ್ಬರು ಚಿತ್ರಗಾರರು, ಬೊಕ್ಲಿನ್ ಮತ್ತು ಮ್ಯಾಕ್ಸ್ ಕ್ಲಿಂಗರ್.

ನೀಚೆಗೆ ಟ್ಯೂರಿನ್ ಅಂದರೆ ಪ್ರಾಣ. ಆ ಊರಿನ ಚೌಕಗಳನ್ನೂ ಶರತ್ಕಾಲದ ಬೆಳಕನ್ನೂ ಪತ್ರಗಳಲ್ಲಿ ಹೊಗಳಿದ್ದಾನೆ. 1889ರ ಜನವರಿಯಲ್ಲಿ ಆತನ ಬುದ್ಧಿ ಕೈಕೊಟ್ಟದ್ದೂ ಅದೇ ಊರಲ್ಲಿ. ಕಿರಿಕೊ 1911ರಲ್ಲಿ ಪ್ಯಾರಿಸ್‌ಗೆ ಹೋಗುವ ದಾರಿಯಲ್ಲಿ ಟ್ಯೂರಿನ್‌ನಲ್ಲಿ ಇಳಿದ. ಇದ್ದದ್ದು ಸ್ವಲ್ಪ ಹೊತ್ತು. ಆದರೂ ಆಮೇಲಿನ ಎಷ್ಟೋ ಚಿತ್ರಗಳಲ್ಲಿ ಟ್ಯೂರಿನ್ನಿನ ಕಮಾನು, ಗೋಪುರ, ಕುದುರೆ ಸವಾರನ ಪ್ರತಿಮೆ ಬರುತ್ತಲೇ ಇವೆ. ಅಷ್ಟು ಕಡಿಮೆ ಹೊತ್ತು ನೋಡಿದ ಊರು ಒಬ್ಬನ ಒಳಗೆ ಇಷ್ಟು ಆಳಕ್ಕೆ ಇಳಿಯಬೇಕಾದರೆ, ಅದನ್ನು ಅವನು ಮೊದಲೇ ಓದಿಕೊಂಡು ಹೋಗಿದ್ದ ಅಂತಲೇ ಅರ್ಥ.

ಕುಂಚಕಾಗದ

@ನೀಲಿಶಾಯಿ ನಿಮ್ಮ ತಕರಾರು ಸರಿಯಾಗಿದೆ, ಬೇಜಾರಿನ ಮಾತೇ ಇಲ್ಲ. ಓದಿದ್ದರಿಂದಲೇ ಕಣ್ಣು ತಯಾರಾಯಿತು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಓದಿದವರೆಲ್ಲ ಟ್ಯೂರಿನ್‌ಗೆ ಹೋಗಿ ಹೀಗೆ ಬಿಡಿಸಲಿಲ್ಲವಲ್ಲ. ಆ ಊರಿನ ಮುಚ್ಚಿದ ಕಮಾನುದಾರಿಗಳ ಒಟ್ಟು ಉದ್ದ ಸುಮಾರು 18 ಕಿಲೋಮೀಟರ್. ಒಂದೇ ಅಳತೆಯ ಕಮಾನು, ಒಂದರ ಹಿಂದೆ ಒಂದು. ಒಳಗೆ ಕತ್ತಲು, ಹೊರಗೆ ಬಿಸಿಲು. ಇದನ್ನು ಪುಸ್ತಕ ಕೊಡುವುದಿಲ್ಲ, ನಡೆದು ನೋಡಿದ ಕಾಲು ಕೊಡುತ್ತದೆ.

1913ರ 'ಕೆಂಪು ಗೋಪುರ' ನೆನಪಿಸಿಕೊಳ್ಳಿ. ಕುದುರೆ ಸವಾರನ ಪ್ರತಿಮೆ ಅರ್ಧ ಕಟ್ಟಡದ ಮರೆಯಲ್ಲಿದೆ, ಅರ್ಧವಷ್ಟೇ ಕಾಣುತ್ತದೆ. ಬೀದಿಯಲ್ಲಿ ತಿರುವು ತೆಗೆದುಕೊಳ್ಳುವಾಗ ಪ್ರತಿಮೆ ಹಾಗೇ ಕಾಣುವುದು. ಅಂದಹಾಗೆ ಅದು ಆತ ಮಾರಿದ ಮೊದಲ ಚಿತ್ರ, 1913ರ ಪ್ಯಾರಿಸ್ ಶರತ್ಕಾಲದ ಪ್ರದರ್ಶನದಲ್ಲಿ.

ಹೊಸಕೈ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲೆ ಕಲಿಯುತ್ತಿದ್ದೇನೆ. ಈ ಥರ ಖಾಲಿ ಬೀದಿ ಬಿಡಿಸಲು ನೋಡಿದರೆ ನನ್ನದು ಸುಮ್ನೆ ಕಟ್ಟಡದ ನಕ್ಷೆ ಥರ ಬರುತ್ತದೆ. ಜನರನ್ನು ತೆಗೆದೆ, ನೆರಳು ಉದ್ದ ಮಾಡಿದೆ. ಆ ಭಯ ಮಾತ್ರ ಬರುವುದಿಲ್ಲ. ಕಿರಿಕೊ ನಿಜವಾಗಿ ಏನು ಮಾಡಿದ್ದಾನೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ, ಮೇಡಂ?

ಕುಂಚಕಾಗದ

@ಹೊಸಕೈ ನನಗೆ ಅತಿ ಇಷ್ಟದ ಭಾಗ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಸ್ಕೇಲು ತೆಗೆದುಕೊಳ್ಳಿ. ಆ ಹುಡುಗಿಯ ಬೀದಿಯ ಚಿತ್ರದ ಪ್ರಿಂಟ್ ಮೇಲೆ ಎಡ ಕಟ್ಟಡದ ಮೇಲಂಚು, ಕೆಳಅಂಚು ಎರಡನ್ನೂ ಗೆರೆ ಎಳೆದು ಮುಂದುವರಿಸಿ. ಎರಡೂ ಒಂದು ಕಡೆ ಸೇರುತ್ತವೆ. ಈಗ ಬಲ ಕಟ್ಟಡಕ್ಕೂ ಹಾಗೇ ಮಾಡಿ. ಅದರ ಗೆರೆಗಳು ಬೇರೆಯೇ ಜಾಗಕ್ಕೆ ಹೋಗುತ್ತವೆ. ಶಾಲೆಯಲ್ಲಿ ಕಲಿಸುವ ಲೆಕ್ಕದ ಪ್ರಕಾರ ಎದುರುಬದುರು ನಿಂತ ಸಮಾನಾಂತರ ಕಟ್ಟಡಗಳು ಒಂದೇ ಬಿಂದುವಿಗೆ ಹೋಗಬೇಕು. ಇಲ್ಲಿ ಹೋಗುವುದಿಲ್ಲ. ಮುಂದೆ ನಿಂತಿರುವ ಬಂಡಿಯಂತೂ ಇವೆರಡರ ಲೆಕ್ಕಕ್ಕೂ ಸೇರದೆ ತನ್ನ ಪಾಡಿಗೆ ತಾನಿದೆ. ಅಂದರೆ ಒಂದೇ ಬೀದಿಯಲ್ಲಿ ನೀವು ಮೂರು ಜಾಗದಲ್ಲಿ ನಿಂತು ನೋಡುತ್ತಿದ್ದೀರಿ. ಕಣ್ಣು ಎಡದ ಕಟ್ಟಡವನ್ನು ನಂಬಿದರೆ ಬಲದ್ದು ಜಾರುತ್ತದೆ. ಬಲದ್ದನ್ನು ನಂಬಿದರೆ ನೆಲವೇ ಏರಿದ ಹಾಗಾಗುತ್ತದೆ. ಹುಡುಗಿ ಓಡುತ್ತಿರುವುದು ಆ ಎರಡರ ನಡುವಿನ ಹಳದಿ ನೆಲದ ಮೇಲೆ. ಅವಳಿಗೆ ನಿಲ್ಲಲು ಗಟ್ಟಿ ಜಾಗವೇ ಇಲ್ಲ. ನಮ್ಮ ಹೊಟ್ಟೆಯಲ್ಲಿ ಆಗುವ ಕಸಿವಿಸಿ ಅಲ್ಲಿಂದ ಬರುತ್ತದೆ.

ನಿಮ್ಮ ಚಿತ್ರ ನಕ್ಷೆ ಥರ ಬರುತ್ತಿರುವುದು ನೀವು ಲೆಕ್ಕವನ್ನು ಸರಿಯಾಗಿ ಮಾಡುತ್ತಿರುವುದರಿಂದ. ಆದರೆ ಒಂದು ಎಚ್ಚರ. ಕಿರಿಕೊ ಪ್ರತಿ ಕಟ್ಟಡವನ್ನೂ ಅದರದ್ದರ ಮಟ್ಟಿಗೆ ಸರಿಯಾಗೇ ಬಿಡಿಸುತ್ತಾನೆ. ಅವುಗಳ ನಡುವೆ ಮಾತ್ರ ಜಗಳ ಹಚ್ಚುತ್ತಾನೆ. ಎಲ್ಲವನ್ನೂ ಸೊಟ್ಟ ಮಾಡಿದರೆ ಕೈ ಬರದವನ ಚಿತ್ರ ಅನ್ನಿಸುತ್ತದೆ, ಭಯ ಹುಟ್ಟುವುದಿಲ್ಲ.

ಇನ್ನು ಹೊತ್ತು. 1914ರದ್ದೇ 'ಮೊಂಪಾರ್ನಾಸ್ ನಿಲ್ದಾಣ' ಚಿತ್ರದಲ್ಲಿ ಗಡಿಯಾರ ನೋಡಿ, ಒಂದೂವರೆಯ ಆಸುಪಾಸು. ನೆರಳು ನೋಡಿದರೆ ಸೂರ್ಯ ಮುಳುಗುವ ಹೊತ್ತಿನಷ್ಟು ಉದ್ದ. ಗಡಿಯಾರ ಒಂದು ಹೇಳುತ್ತದೆ, ಬಿಸಿಲು ಇನ್ನೊಂದು ಹೇಳುತ್ತದೆ. ನೋಡಿದ ಕೂಡಲೇ ಇದು ಹೊಳೆಯುವುದಿಲ್ಲ, ಆದರೆ ಏನೋ ಸರಿಯಿಲ್ಲ ಅಂತ ಮನಸ್ಸಿಗೆ ಗೊತ್ತಾಗಿರುತ್ತದೆ.

ಬಣ್ಣದ ಬಗ್ಗೆ ಚಿಕ್ಕದಾಗಿ. ಆಕಾಶ ಹಸಿರು ಕಲೆತ ದಟ್ಟ ಬಣ್ಣ, ದಿಗಂತದ ಹತ್ತಿರ ತಿಳಿ. ನೆಲ ಕಾವಿ, ಹಳದಿ. ಬಣ್ಣ ತೆಳ್ಳಗೆ, ಹೊಳಪಿಲ್ಲದೆ ಹಚ್ಚಿದ್ದು. ವಸ್ತುಗಳ ಸುತ್ತ ಕಪ್ಪು ಗೆರೆ. ಕುಂಚದ ಆಟ ತೋರಿಸುವ ಆಸೆಯೇ ಇಲ್ಲ ಅವನಿಗೆ.

ಹೊಸಕೈ

ಮೇಡಂ, ಈಗಷ್ಟೇ ಸ್ಕೇಲ್ ಇಟ್ಟು ನೋಡಿದೆ. ನಿಜಕ್ಕೂ ಎರಡೂ ಸೇರುವುದೇ ಇಲ್ಲ! ಇಷ್ಟು ದಿನ ಆ ನೆರಳೇ ಎಲ್ಲ ಮಾಡುತ್ತಿದೆ ಅಂದುಕೊಂಡಿದ್ದೆ.

ಹಳೇಕ್ಯಾನ್ವಾಸ್

ನೆರಳನ್ನೂ ಕೈಬಿಡಬೇಡಪ್ಪಾ. ಮೇಡಂ ಹೇಳಿದ್ದಕ್ಕೆ ನಾನು ಸೇರಿಸುವುದು ವಸ್ತುಗಳ ಬಗ್ಗೆ. 1914ರ 'ಪ್ರೇಮಗೀತೆ' ಚಿತ್ರದಲ್ಲಿ ಗೋಡೆಗೆ ಅಪೊಲೊ ದೇವರ ಅಮೃತಶಿಲೆಯ ತಲೆ, ಪಕ್ಕದಲ್ಲಿ ಮೊಳೆ ಹೊಡೆದು ನೇತುಹಾಕಿದ ರಬ್ಬರ್ ಕೈಗವಸು, ಕೆಳಗೆ ಹಸಿರು ಚೆಂಡು, ಹಿಂದೆ ಮಾಮೂಲಿ ರೈಲು. ಚಿತ್ರ ದೊಡ್ಡದೇನಲ್ಲ, ಎತ್ತರ 73 ಸೆಂಟಿಮೀಟರ್. ಕಿರಿಕೊ ಅಂಗಡಿಗೆ ಹೋಗಿ ಇಂಥದ್ದೊಂದು ರಬ್ಬರ್ ಕೈಗವಸು ಕೊಂಡುತಂದ ವಿಷಯವನ್ನು ಅವನ ಗೆಳೆಯ, ಕವಿ ಅಪೊಲಿನೇರ್ ಆಗಲೇ ಬರೆದಿದ್ದಾನೆ. ಪೇಟೆಯಲ್ಲಿ ಸಿಗುವ ವಸ್ತುವನ್ನೇ ತಂದು ದೇವರ ಪಕ್ಕ ಇಟ್ಟ. ಜೊತೆಗೆ ಕ್ಲಿಂಗರ್ 1881ರಲ್ಲಿ ಒಂದು ಕೈಗವಸಿನ ಸುತ್ತಲೇ ಇಡೀ ಮುದ್ರಣಚಿತ್ರ ಸರಣಿ ಮಾಡಿದ್ದ. ಕಿರಿಕೊನಿಗೆ ಅದು ಬಾಯಿಪಾಠ.

ಈ ಒಂದು ಚಿತ್ರ ಮಾಡಿದ ಕೆಲಸ ಕೇಳಿ. 1920ರ ದಶಕದಲ್ಲಿ ಬೆಲ್ಜಿಯಂನ ಚಿತ್ರಗಾರ ರೆನೆ ಮಾಗ್ರಿಟ್ ಇದರ ಮುದ್ರಿತ ಪ್ರತಿಯೊಂದನ್ನು ನೋಡಿ ಕಣ್ಣೀರು ಹಾಕಿದ. ಮೂಲ ಚಿತ್ರ ಕೂಡ ಅಲ್ಲ, ಪ್ರತಿ! ಅಲ್ಲಿಂದ ಅವನ ದಾರಿಯೇ ಬದಲಾಯಿತು. ಈವ್ ತಾಂಗಿ ಅನ್ನುವವನು ಪ್ಯಾರಿಸ್‌ನಲ್ಲಿ ಬಸ್ಸಿನಲ್ಲಿ ಹೋಗುವಾಗ ಗ್ಯಾಲರಿಯ ಕಿಟಕಿಯಲ್ಲಿ ಕಿರಿಕೊನ ಚಿತ್ರ ಕಂಡು ಬಸ್ಸಿಂದ ಇಳಿದೇಬಿಟ್ಟ. ಚಿತ್ರಗಾರನಾಗಬೇಕು ಅಂತ ಅವನು ನಿರ್ಧರಿಸಿದ್ದು ಆಗ.

ನೀಲಿಶಾಯಿ

ಆದರೆ ಸರ್, ಕಿರಿಕೊನನ್ನು ಸರ್ರಿಯಲಿಸ್ಟ್ ಅಂತ ಕರೆಯುವುದು ಸರಿಯೇ? ಆ ಪಂಥದ ಮುಂದಾಳು, ಫ್ರೆಂಚ್ ಕವಿ ಆಂದ್ರೆ ಬ್ರೆಟನ್ ಸರ್ರಿಯಲಿಸಂನ ಪ್ರಣಾಳಿಕೆ ಹೊರಡಿಸಿದ್ದು 1924ರಲ್ಲಿ. ಅಷ್ಟು ಹೊತ್ತಿಗೆ ಈ ಚೌಕಗಳಿಗೆ ಹತ್ತು ವರ್ಷ ಆಗಿತ್ತು.

ಹಳೇಕ್ಯಾನ್ವಾಸ್

ಕಾಲದ ಲೆಕ್ಕದಲ್ಲಿ ನೀವು ಹೇಳುವುದು ಸರಿ. ಆ ಗುಂಪಿಗೆ ಆತ ಹಿರಿಯಣ್ಣ, ಸದಸ್ಯ ಅಲ್ಲ. ಆದರೆ ನಗರವನ್ನು ಸರ್ರಿಯಲ್ ಆಗಿ ನೋಡುವುದನ್ನು ಕಲಿಸಿದವನು ಅವನೇ. ಮಾಗ್ರಿಟ್‌ನ 'ಬೆಳಕಿನ ಸಾಮ್ರಾಜ್ಯ' ಸರಣಿ ತೆಗೆದುಕೊಳ್ಳಿ. ಕೆಳಗೆ ರಾತ್ರಿಯ ಬೀದಿ, ದೀಪ ಉರಿಯುತ್ತಿದೆ. ಮೇಲೆ ನಡುಹಗಲಿನ ನೀಲಿ ಆಕಾಶ. ಎರಡು ಹೊತ್ತು ಒಂದೇ ಬೀದಿಯಲ್ಲಿ. ಗಡಿಯಾರಕ್ಕೂ ನೆರಳಿಗೂ ಇದ್ದ ಆ ಜಗಳವೇ ಇನ್ನೊಂದು ರೂಪದಲ್ಲಿ ಬಂದಿದೆ. ಅದರದ್ದೊಂದು ಚಿತ್ರ 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 12 ಕೋಟಿ ಡಾಲರ್ ದಾಟಿತು.

ನ್ಯಾರೋಗೇಜ್

ರೈಲಿನ ಕಡೆಯಿಂದ ಇನ್ನೊಂದು ಹೆಸರು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಪೌಲ್ ದೆಲ್ವೊ. ಇವರೂ ಬೆಲ್ಜಿಯಂನವರೇ, 1897ರಲ್ಲಿ ಹುಟ್ಟಿ 1994ರವರೆಗೆ ಬದುಕಿದವರು. 1934ರಲ್ಲಿ ಬ್ರಸೆಲ್ಸ್‌ನ ದೊಡ್ಡ ಪ್ರದರ್ಶನದಲ್ಲಿ ಕಿರಿಕೊನ ಚಿತ್ರಗಳು ಇವರ ಕಣ್ಣಿಗೆ ಬಿದ್ದವು. ಆಮೇಲೆ ಇವರು ಬಿಡಿಸಿದ ರಾತ್ರಿಯ ನಿಲ್ದಾಣಗಳು, ಟ್ರಾಮುಗಳು! ಪ್ಲಾಟ್‌ಫಾರ್ಮ್ ಮೇಲೆ ನಮಗೆ ಬೆನ್ನು ಹಾಕಿ ನಿಂತ ಪುಟ್ಟ ಹುಡುಗಿ, ಮುಂದೆ ರೈಲಿನ ಹಿಂಬದಿಯ ದೀಪ, ಮೇಲೆ ಚಂದ್ರ.

ನನಗೆ ಇವರ ಮೇಲೆ ಗೌರವ ಯಾಕೆ ಅಂದರೆ ಡಬ್ಬಿಯ ಬಫರ್, ತಂತಿ, ಸಿಗ್ನಲ್ ಎಲ್ಲ ಕರಾರುವಾಕ್ಕಾಗಿ ಇರುತ್ತವೆ. ಕಿರಿಕೊನ ರೈಲು ನೆನಪಿನ ರೈಲು, ಒಂದು ಗೆರೆ ಹೊಗೆಯಲ್ಲಿ ಮುಗಿಯುತ್ತದೆ. ದೆಲ್ವೊ ರೈಲನ್ನು ಹತ್ತಿ ಹೋಗಬಹುದು. ಕೊನೆಗಾಲದಲ್ಲಿ ಅವರನ್ನು ಲೂವೆನ್-ಲಾ-ನೂವ್ ನಿಲ್ದಾಣಕ್ಕೆ ಗೌರವ ಸ್ಟೇಷನ್ ಮಾಸ್ಟರ್ ಮಾಡಿದ್ದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗಂತೂ ಗೊತ್ತಿಲ್ಲ.

ನೀಲಿಶಾಯಿ

ಯುರೋಪಿನಲ್ಲೇ ಯಾಕೆ ನಿಲ್ಲಬೇಕು? ಕೋಲ್ಕತ್ತದ ಚಿತ್ರಗಾರ ಬಿಕಾಶ್ ಭಟ್ಟಾಚಾರ್ಯ ಇದ್ದರಲ್ಲ, 1970ರ ದಶಕದ ಆರಂಭದ 'ಡಾಲ್' ಸರಣಿ. ಹಳೇ ಊರಿನ ಗೋಡೆ, ಮೂಲೆ, ಅಲ್ಲೊಂದು ಗೊಂಬೆ. ಆಗ ನಕ್ಸಲ್ ಗಲಭೆಯಲ್ಲಿ ಆ ನಗರದ ಬೀದಿಗಳಲ್ಲಿ ನಿಜವಾದ ಹೆಣಗಳು ಬೀಳುತ್ತಿದ್ದವು. ಆ ಗೊಂಬೆಯನ್ನು ಬರೀ ಗೊಂಬೆ ಅಂತ ನೋಡಲು ಆಗುವುದೇ ಇಲ್ಲ.

ಕುಂಚಕಾಗದ

ಒಳ್ಳೇ ಹೆಸರು ತಂದಿರಿ. ಅದನ್ನು ಪ್ರತ್ಯೇಕವಾಗಿ ಮಾತಾಡಬೇಕು, ಇಲ್ಲಿ ಒಂದೆರಡು ಸಾಲಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ.

ಗೊಂಬೆ ಅಂದಿರಲ್ಲ, ಕಿರಿಕೊನ ಕೈಯಲ್ಲೂ ಊರು ಕೊನೆಗೆ ಗೊಂಬೆಗಳ ಪಾಲಾಯಿತು. ಮೊದಲ ಮಹಾಯುದ್ಧದ ಹೊತ್ತಿಗೆ, 1915ರಲ್ಲಿ, ಆತ ಸೇನೆ ಸೇರಲು ಇಟಲಿಗೆ ಮರಳಿದ. ಫೆರಾರಾದಲ್ಲಿ ನೇಮಿಸಿದರು. ಅಲ್ಲಿಯ ಅಂಗಡಿ ಕಿಟಕಿಗಳಲ್ಲಿ ಇಟ್ಟ ಚಿತ್ರವಿಚಿತ್ರ ಆಕಾರದ ಬಿಸ್ಕತ್ತುಗಳು ಕೂಡ ಆತನ ಚಿತ್ರಕ್ಕೆ ಬಂದವು. 'ಕಳವಳ ಹುಟ್ಟಿಸುವ ಕಲಾದೇವಿಯರು' ಆ ಕಾಲದ್ದು. ಹಿಂದೆ ಫೆರಾರಾದ ಕೆಂಪು ಕೋಟೆ, ಅದರ ಪಕ್ಕದಲ್ಲೇ ಕಾರ್ಖಾನೆಯ ಚಿಮಣಿ. ಮುಂದೆ ಮುಖವಿಲ್ಲದ ದರ್ಜಿ ಗೊಂಬೆಗಳು ದೇವತೆಗಳಾಗಿವೆ. ನೆಲ ನಾಟಕದ ಹಲಗೆಯ ಹಾಗೆ ಮೇಲಕ್ಕೆ ಏರುತ್ತದೆ. ಊರಲ್ಲಿ ಜನ ಇಲ್ಲ, ಯಾಕೆಂದರೆ ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದಾರೆ. ನಾನು ಆ ಚಿತ್ರವನ್ನು ಹೀಗೇ ಓದುವುದು.

ನೀಲಿಶಾಯಿ

ಅದೇ ಚಿತ್ರದ ಮೇಲೆ ನನಗೆ ಸಿಟ್ಟೂ ಇದೆ. 1919ರ ನಂತರ ಆತ ಹಳೇ ಗುರುಗಳ ಶೈಲಿ ಅಂತ ಹಿಂದಕ್ಕೆ ತಿರುಗಿದ. ಸರ್ರಿಯಲಿಸ್ಟರು ಕೈಬಿಟ್ಟರು. ಆಮೇಲೆ ತನ್ನದೇ ಹಳೇ ಚಿತ್ರಗಳ ನಕಲು ಮಾಡತೊಡಗಿದ. ಈ ಕಲಾದೇವಿಯರ ಚಿತ್ರವನ್ನೇ 1945ರಿಂದ 1962ರ ನಡುವೆ ಕನಿಷ್ಠ 18 ಸಲ ಬಿಡಿಸಿದ್ದಾನೆ. ಕೆಲವು ಚಿತ್ರಗಳಿಗೆ ಹಿಂದಿನ ಇಸವಿ ಹಾಕಿದ. ಇದು ಕಲಾವಿದ ಮಾಡುವ ಕೆಲಸವೇ?

ಕುಂಚಕಾಗದ

ಸುಳ್ಳು ಇಸವಿ ಹಾಕಿದ್ದನ್ನು ನಾನು ಸಮರ್ಥಿಸುವುದಿಲ್ಲ. ಕೊಂಡವರಿಗೆ ಅದು ಮೋಸವೇ. ಆದರೆ ಮತ್ತೆ ಮತ್ತೆ ಬಿಡಿಸಿದ್ದನ್ನು ಬೇರೆಯಾಗಿ ನೋಡಬೇಕು. ಈ ಮನುಷ್ಯ ಮೊದಲಿಂದಲೂ ಅದದೇ ಸಾಮಾನಿನಲ್ಲಿ ಕೆಲಸ ಮಾಡಿದವನು. 1912-13ರಲ್ಲೇ ಗ್ರೀಕ್ ಪುರಾಣದ ರಾಜಕುಮಾರಿ ಅರಿಯಾಡ್ನೆ ಮಲಗಿದ ಪ್ರತಿಮೆಯನ್ನು ಹಲವು ಚಿತ್ರಗಳಲ್ಲಿ ತಿರುಗಿಸಿ ತಿರುಗಿಸಿ ಇಟ್ಟಿದ್ದ. ಆ ಗೀಳು ಆಗಲೇ ಇತ್ತು. ಆ ಹದಿನೆಂಟು ನಕಲುಗಳನ್ನು ಒಟ್ಟಿಗೆ ಅಚ್ಚು ಮಾಡಿದ್ದು ನೋಡಿ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಮೆಚ್ಚಿಕೊಂಡ, 1982ರಲ್ಲಿ ಕಿರಿಕೊನ ಚಿತ್ರಗಳನ್ನೇ ಇಟ್ಟುಕೊಂಡು ಒಂದು ಸರಣಿ ಮಾಡಿದ.

ಹಾಗಂತ ನಂತರದವು ಮೊದಲಿನವಕ್ಕೆ ಸಮ ಅಂತ ನಾನು ಹೇಳುವುದಿಲ್ಲ. ಮೊದಲಿನ ಬಣ್ಣ ಒಣಗಿದ್ದು, ಬಿಗಿಯಾದದ್ದು. ನಂತರದ್ದರಲ್ಲಿ ಬಣ್ಣ ಸಿಹಿಯಾಯಿತು, ಆಕಾಶ ಸುಮ್ನೆ ಚೆಂದವಾಯಿತು. ಸಾಮಾನು ಎಲ್ಲ ಅಲ್ಲೇ ಇದೆ, ಆದರೆ ಕಟ್ಟಡಗಳ ನಡುವಿನ ಜಗಳ ತಣ್ಣಗಾಗಿದೆ.

ಹೊಸಕೈ

ಮೂಲ ಚಿತ್ರಗಳು ಎಲ್ಲಿವೆ ಮೇಡಂ? ಮ್ಯೂಸಿಯಂಗಳ ಜಾಲತಾಣದಲ್ಲಿ ದೊಡ್ಡದಾಗಿ ನೋಡಬೇಕು. ಮತ್ತೆ ನಾನು ಅಭ್ಯಾಸಕ್ಕೆ ಯಾವುದರಿಂದ ಶುರು ಮಾಡಲಿ?

ಹಳೇಕ್ಯಾನ್ವಾಸ್

'ಪ್ರೇಮಗೀತೆ' ಮತ್ತು 'ಮೊಂಪಾರ್ನಾಸ್ ನಿಲ್ದಾಣ' ಎರಡೂ ನ್ಯೂಯಾರ್ಕ್‌ನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿವೆ. 'ಕೆಂಪು ಗೋಪುರ' ವೆನಿಸ್‌ನ ಪೆಗ್ಗಿ ಗುಗೆನ್‌ಹೈಮ್ ಸಂಗ್ರಹದಲ್ಲಿದೆ. ಬಾಳೆಹಣ್ಣಿನ ಗೊನೆ ಪಕ್ಕ ಅಮೃತಶಿಲೆಯ ಮುಂಡ ಇರುವ 1913ರ 'ಕವಿಯ ಅನಿಶ್ಚಿತತೆ' ಲಂಡನ್‌ನ ಟೇಟ್‌ನಲ್ಲಿದೆ. ರೋಮಿನಲ್ಲಿ ಸ್ಪೇನ್ ಚೌಕದ ಹತ್ತಿರ ಆತ ಕೊನೆಯವರೆಗೆ ಇದ್ದ ಮನೆ ಈಗ ಮ್ಯೂಸಿಯಂ. ಆದರೆ ಅಲ್ಲಿರುವುದು ಹೆಚ್ಚಾಗಿ ನಂತರದ ಕೆಲಸ.

ಕುಂಚಕಾಗದ

'ಕೆಂಪು ಗೋಪುರ'ದಿಂದ ಶುರು ಮಾಡು ಮರಿ. ಅದರಲ್ಲಿ ವಸ್ತು ಕಡಿಮೆ. ಎರಡು ಪಕ್ಕದ ಕತ್ತಲ ಕಮಾನು, ನಡುವೆ ಬಿಸಿಲು, ದೂರದಲ್ಲಿ ಗೋಪುರ. ಬರೀ ಪೆನ್ಸಿಲಿನಲ್ಲಿ ನಕಲು ಮಾಡಿ, ಪ್ರತಿ ಕಟ್ಟಡದ ಗೆರೆಗಳನ್ನು ಬೇರೆ ಬೇರೆ ಬಣ್ಣದ ಪೆನ್ಸಿಲಿನಲ್ಲಿ ಮುಂದುವರಿಸು. ಆಮೇಲೆ ನೀನು ದಿನಾ ಓಡಾಡುವ ಒಂದು ಬೀದಿಯನ್ನು ಬಿಸಿಲು ಇಳಿಯುವ ಹೊತ್ತಿನಲ್ಲಿ ನೋಡಿ ಬರೆದುಕೊಂಡು ಬಾ, ಏನನ್ನೂ ಬದಲಾಯಿಸದೆ. ಹದ ತಪ್ಪಿಸುವ ಕೆಲಸ ಎರಡನೇ ಹಾಳೆಯಲ್ಲಿ. ಎರಡನ್ನೂ ಇಲ್ಲಿ ಹಾಕು, ಎಲ್ಲರೂ ಕೂತು ನೋಡೋಣ.